ಮುದ್ರೆ ಬೀಳದ ಹಾಳೆ

ಕೋಟಿನ ಎರಡನೆಯ ಗುಂಡಿಗೆ ನಾಲ್ಕು ತೂತು, ದಾರ ಇದ್ದದ್ದು ಮೂರರಲ್ಲಿ ಮಾತ್ರ. ನಾಲ್ಕನೆಯದನ್ನು ಪೆನ್ಸಿಲ್ಲಿನ ತುದಿ ಒತ್ತಿ ಒಂದೇ ಚುಕ್ಕಿಯಲ್ಲಿ ಮುಗಿಸಿದ್ದರು. ಇಡೀ ಗುಂಡಿ ಒಂದು ಮೆಂತ್ಯದ ಕಾಳಿಗಿಂತ ದೊಡ್ಡದಿರಲಿಲ್ಲ. ಅದನ್ನು ಭೂತಗನ್ನಡಿ ಹಿಡಿದು ನೋಡಿ, ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದುಕೊಂಡೆ. ಅದೇ ಚಿತ್ರದಲ್ಲಿ ಟೋಪಿಗೂ ಕಾಲರಿಗೂ ನಡುವೆ ಇದ್ದದ್ದರ ಬಗ್ಗೆ ಬರೆದದ್ದು ಒಂದೇ ಸಾಲು: ‘ಮುಖ ಖಾಲಿ ಬಿಟ್ಟಿದೆ, ಮೇಲೆ ತೇವದ ಕಂದು ಮಚ್ಚೆ.’

ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಆ ಸಾಲನ್ನು ಹೊಡೆದುಹಾಕಿಲ್ಲ.

ಚಿತ್ರದ ಹಾಳೆ ನಮ್ಮ ಪಕ್ಕದ ಎಸ್ಟೇಟಿನ ರೈಟರದ್ದು. ನಮ್ಮದು ಬಾಳೂರಿನ ಕಡೆ ಮೂರೆಕರೆ ಕಾಫಿ. ಬೇಲಿಯಾಚೆ ದೊಡ್ಡ ಎಸ್ಟೇಟು, ಅಲ್ಲಿ ಬೆಳಿಗ್ಗೆ ಕೆಲಸದವರ ಹೆಸರು ಕೂಗಿ ಹಾಜರಿ ಹಾಕಿಸಿ, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕು ಎಂದು ಹೇಳಿ ಕಳಿಸುವುದು ಅವರ ಕೆಲಸ. ಅದಕ್ಕೆ ಮೊದಲು ಅವರು ಸೈನ್ಯದಲ್ಲಿದ್ದರು. ಬಂದೂಕಿಗಿಂತ ಹೆಚ್ಚಾಗಿ ಅವರು ಹಿಡಿದದ್ದು ಬ್ರಷ್ಷು. ಸೈನ್ಯದಲ್ಲಿ ಪೇಂಟರ್ ಎಂಬುದೂ ಒಂದು ಹುದ್ದೆ ಎಂದು ನನಗೆ ಗೊತ್ತಾದದ್ದು ಅವರಿಂದಲೇ. ಲಾರಿಗಳ ನಂಬರು, ಮೈಲಿಗಲ್ಲು, ಮುಂದೆ ತಿರುವು ಇದೆ ಎಂಬ ಬೋರ್ಡು, ಇವನ್ನು ಬರೆಯುವವರು. ನಾನು ಹಾಸ್ಟೆಲ್ಲಿಗೆ ಹೊರಟಾಗ ನನ್ನ ಟ್ರಂಕಿನ ಮೇಲೆ ಹೆಸರು ಬರೆದುಕೊಟ್ಟವರು ಅವರು. ಊರಿಗೆಲ್ಲ ಅವರು ರೈಟ್ರು, ನನಗೆ ಮಾತ್ರ ಮಾಮ.

ನಾನು ಎಂ.ಎ.ಗೆ ಓದಿದ್ದು ಕಲಾ ಇತಿಹಾಸ. ಪ್ರಬಂಧ ಬರೆದದ್ದು ಯುದ್ಧದ ಕಾಲದಲ್ಲಿ ಸರ್ಕಾರಗಳೇ ನೇಮಿಸಿ ರಣರಂಗಕ್ಕೆ ಕಳಿಸುತ್ತಿದ್ದ ಚಿತ್ರಕಾರರ ಬಗ್ಗೆ. ಅದರಲ್ಲೂ ಕಾದಾಟದ ಚಿತ್ರಗಳನ್ನು ಬಿಟ್ಟು ಸೈನಿಕರ ದಿನಚರಿಯ ಚಿತ್ರಗಳನ್ನು ಆರಿಸಿಕೊಂಡಿದ್ದೆ. ಆಲೂಗಡ್ಡೆ ಸುಲಿಯುವವರು, ಕಾಲುಚೀಲ ಹೊಲಿಯುವವರು, ಮರದ ಕೊಂಬೆಗೆ ಕನ್ನಡಿ ನೇತುಹಾಕಿ ಗಡ್ಡ ಹೆರೆಯುವವರು, ಊಟದ ತಟ್ಟೆಯನ್ನು ಮಗುಚಿಟ್ಟು ಅದರ ಮೇಲೆ ಕಾಗದ ಬರೆಯುವವರು, ಮೂಟೆಗಳ ಮೇಲೆ ಬಾಯಿ ತೆರೆದು ಮಲಗಿದವರು. ಇಂಥ ನೂರಾರು ಚಿತ್ರಗಳನ್ನು ಎರಡು ವರ್ಷ ನೋಡಿದೆ. ಎಲ್ಲವೂ ದೂರದ ದೇಶಗಳ ಸಂಗ್ರಹಾಲಯಗಳಲ್ಲಿ ಇದ್ದಂಥವು. ನಾನು ನೋಡಿದ್ದು ಕಂಪ್ಯೂಟರಿನಲ್ಲಿ. ಒಂದೇ ಒಂದು ಮೂಲ ಹಾಳೆಯನ್ನೂ ಕೈಯಲ್ಲಿ ಹಿಡಿದವಳಲ್ಲ. ಪ್ರಬಂಧದ ನಾಲ್ಕನೆಯ ಅಧ್ಯಾಯ ಮುಖ ಬರೆಯದೆ ಬಿಟ್ಟ ಚಿತ್ರಗಳ ಬಗ್ಗೆ ಇತ್ತು. ಮುಖವಿಲ್ಲದಿದ್ದಾಗ ಆ ಸೈನಿಕ ಒಬ್ಬನಾಗದೆ ಎಲ್ಲರೂ ಆಗುತ್ತಾನೆ ಎಂಬುದು ನನ್ನ ವಾದ. ಪರೀಕ್ಷಕರು ಆ ಅಧ್ಯಾಯವನ್ನೇ ಹೆಚ್ಚು ಮೆಚ್ಚಿದ್ದರು. ಓದು ಮುಗಿದ ಮೇಲೆ ಹಳೆಯ ಕಾಗದಗಳನ್ನು ಉಳಿಸಿಕೊಳ್ಳುವ ಬಗ್ಗೆ ಮೂರು ವಾರದ ತರಬೇತಿಯನ್ನೂ ಪಡೆದಿದ್ದೆ. ಈಗ ಮೂಡಿಗೆರೆಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ, ಅಮ್ಮ ಕೊಟ್ಟ ಕಿತ್ತಳೆಹಣ್ಣು ತಲುಪಿಸಲು ರೈಟರ ಕ್ವಾರ್ಟರ್ಸಿಗೆ ಹೋಗಿದ್ದೆ. ಅವರು ಅಲ್ಲಿ ಒಬ್ಬರೇ ಇರುವುದು. ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು.

‘ನಿನ್ನ ಡಿಗ್ರಿ ಎಂತದ್ರಲ್ಲಿ ಅಂತ ನಿನ್ನಪ್ಪಂಗೆ ಕೇಳ್ದೆ. ಅವನು ಡ್ರಾಯಿಂಗ್ ಅಂದ. ಹೌದಾ?’

‘ಬಿಡಿಸೋದಲ್ಲ ಮಾಮ. ಬೇರೆಯವ್ರು ಬಿಡಿಸಿದ್ರ ಬಗ್ಗೆ ಓದಿದ್ದು. ಯುದ್ಧದಲ್ಲಿ ಸೈನಿಕರು ದಿನಾ ಹೆಂಗಿರ್ತಿದ್ರು ಅನ್ನೋ ಚಿತ್ರಗಳು.’

ಅವರು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದರು. ‘ಅದ್ಕೂ ಡಿಗ್ರಿ ಕೊಡ್ತಾರಾ ಮಾರಾಯ್ತಿ? ಹಂಗಾದ್ರೆ ನಂಗೊಂದು ಬರ್ಬೇಕು, ಬಾಕಿ ಇದೆ ನೋಡು.’

ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಇದ್ದದ್ದು ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು, ಒಳಗೆ ಮೂವತ್ತೊಂದು ಚಿತ್ರಗಳು. ಹಿಮದ ಗಡಿಯಲ್ಲಿ ಯುದ್ಧ ನಡೆದಾಗ, ನಾನಿನ್ನೂ ತೊಟ್ಟಿಲಲ್ಲಿದ್ದಾಗ, ಅವರು ಬಿಡಿಸಿದವು. ಒಂದು ಸಲ ರೇಷನ್ ಪೆಟ್ಟಿಗೆಯ ರಟ್ಟಿನ ಮೇಲೆ ಮಲಗಿದವನೊಬ್ಬನನ್ನು ಬಿಡಿಸುತ್ತಿದ್ದಾಗ ಅವರ ಸಾಹೇಬರು ನೋಡಿದರಂತೆ. ಬೈಗುಳ ಬೀಳುತ್ತದೆ ಎಂದು ಎದ್ದು ನಿಂತರೆ, ಸಾಹೇಬರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನು ಮೇಲೆ ಇದೇ ನಿನ್ನ ಡ್ಯೂಟಿ ಎಂದರಂತೆ.

‘ಕಾದಾಟ ಬರೀಬೇಡ ಅಂದ್ರು. ಅದ್ಕೆ ಕ್ಯಾಮೆರಾದವ್ರು ಬರ್ತಾರೆ. ನಮ್ಮವ್ರು ಹೆಂಗೆ ಉಣ್ತಾರೆ, ಹೆಂಗೆ ಬಟ್ಟೆ ಒಣಗಿಸ್ತಾರೆ, ಅದನ್ನ ಬರಿ ಅಂದ್ರು. ದಿನಕ್ಕೊಂದು. ಸಂಜೆ ತಗೊಂಡೋಗಿ ತೋರಿಸ್ಬೇಕು. ಒಪ್ಪಿದ್ರೆ ಮುದ್ರೆ ಹೊಡ್ದು ಒಳಗೆ ಇಟ್ಕೊಳ್ಳೋರು. ಮುದ್ರೆ ಬಿದ್ದ ಹಾಳೆ ಸರ್ಕಾರದ್ದು. ಬೀಳದ್ದು ನಂದು.’

ಹಾಗಾಗಿ ಆ ನೋಟ್‌ಬುಕ್ಕಿನಲ್ಲಿ ಇದ್ದವೆಲ್ಲ ತಿರಸ್ಕಾರಗೊಂಡ ಚಿತ್ರಗಳು. ನಾನು ಹಾಳೆಗಳನ್ನು ತಿರುವಿದೆ. ನನ್ನ ಎರಡು ವರ್ಷದ ಓದು ಅಲ್ಲಿ ಬೇರೆ ಮುಖ ಹೊತ್ತು ಕೂತಿತ್ತು. ಬೂಟಿನೊಳಗೆ ಕೈ ಹಾಕಿ ಹಿಮ ಕೆರೆಯುವವನು. ಚಪಾತಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವವನು. ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಕೊಟ್ಟು ಇಸ್ಪೀಟು ಆಡುವವರು. ಎಲೆಯನ್ನು ಹೆಗಲ ಮೇಲಿನಿಂದ ದಾಟಿಸುತ್ತಿದ್ದರು.

ಎಲ್ಲ ಚಿತ್ರಗಳಲ್ಲೂ ಹಿನ್ನೆಲೆ ಖಾಲಿ. ಬೆಟ್ಟವಿಲ್ಲ, ಗೆರೆಯಿಲ್ಲ. ಜನ ಏನೂ ಇಲ್ಲದ ಜಾಗದಲ್ಲಿ ಕೂತಿದ್ದಾರೆ. ನಾನು ಅದನ್ನು ಮೆಚ್ಚಿ, ಈ ಖಾಲಿತನದಿಂದಲೇ ಅವರ ಒಂಟಿತನ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದೆ.

ಅವರು ನಕ್ಕರು. ‘ಒಂಟಿತನ ಎಲ್ಲಿಂದ ಬಂತು, ಒಂದು ಟೆಂಟಲ್ಲಿ ಒಂಬತ್ತು ಜನ. ಗುಡ್ಡದ ಗೆರೆ ಬರ್ದ್ರೆ ನಾವಿರೋ ಜಾಗ ಗೊತ್ತಾಗುತ್ತೆ ಅಂತ ಸಾಹೇಬ್ರು ಬಿಡ್ತಿರ್ಲಿಲ್ಲ. ಅಷ್ಟೇ.’

ಅಂದು ನಾನೂ ನಕ್ಕೆ. ಮನೆಗೆ ಬರುತ್ತ ದಾರಿಯಲ್ಲಿ ಆ ಮಾತನ್ನು ಒಂದು ಸ್ವಾರಸ್ಯವಾದ ಸಂಗತಿ ಎಂದು ನೆನೆದೆನೇ ಹೊರತು ಎಚ್ಚರಿಕೆ ಎಂದು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಮುಂದಿನ ವಾರ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ.

ಮುಂದಿನ ವಾರ ಅವರು ನೋಟ್‌ಬುಕ್ಕನ್ನು ನನ್ನ ಕೈಗೇ ಕೊಟ್ಟರು. ಎಲ್ಲ ಚಿತ್ರಗಳ ಫೋಟೊ ತೆಗೆದು, ಒಂದೊಂದಕ್ಕೂ ವಿವರ ಬರೆದು ಜೋಡಿಸುತ್ತೇನೆ ಎಂದು ನಾನೇ ಕೇಳಿದ್ದೆ. ಅವರ ಕಣ್ಣು ಎರಡು ವರ್ಷದಿಂದ ಹೋಗುತ್ತಿದೆ. ಪೂರ್ತಿ ಕತ್ತಲಲ್ಲ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಆಪರೇಷನ್ನಿಗೆ ಬರುವಂಥದ್ದಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದಾರೆ. ಈಗ ಹಾಜರಿ ಪುಸ್ತಕದಲ್ಲಿ ಗುರುತು ಹಾಕುವುದು ಮೇಸ್ತ್ರಿ. ಇವರು ಪುಸ್ತಕ ನೋಡದೆ ಅರವತ್ತು ಹೆಸರು ಕೂಗುತ್ತಾರೆ.

‘ಯಾರ ಮುಖಾನೂ ಕಾಣಲ್ಲ ನಂಗೆ. ಕಿವಿ ಕಾಣ್ತವೆ. ನಿಂದೂ ಕಿವಿಯೇ. ಓಲೆ ಬದಲಾಯಿಸ್ಬೇಡ ಮತ್ತೆ,’ ಎಂದು ಹೇಳಿ, ನೋಟ್‌ಬುಕ್ಕಿನ ಕೊನೆಯಲ್ಲಿ ಸಿಕ್ಕಿಸಿದ್ದ ಒಂದು ಬಿಡಿ ಹಾಳೆಯನ್ನು ಬೆರಳಿನಿಂದ ತಡವಿ ಹೊರಗೆಳೆದರು. ‘ಇದೊಂದು ಮಾತ್ರ ಜೋಪಾನ. ಇವನು ಕೊಟ್ಟಿಗೆಹಾರದವನು.’

ಇಡೀ ತುಕಡಿಯಲ್ಲಿ ಕನ್ನಡದವರೆಂದರೆ ಮಾಮ ಮತ್ತು ಈ ಹಾಳೆಯಲ್ಲಿದ್ದ ಗೆಳೆಯ, ಇಬ್ಬರೇ. ಆ ಗೆಳೆಯ ಅಡುಗೆಯವನು. ಗುಂಡು ತಗುಲಿ ಸತ್ತವನಲ್ಲ. ಎತ್ತರದ ಚಳಿಗೆ ಎದೆಯಲ್ಲಿ ನೀರು ತುಂಬಿ, ಕೆಳಗೆ ಇಳಿಸುವಷ್ಟರಲ್ಲಿ ಹೋದ. ಅವನ ಅಕ್ಕ ಕೊಟ್ಟಿಗೆಹಾರದ ಜಂಕ್ಷನ್ನಿನಲ್ಲಿ ಸಣ್ಣ ಹೋಟೆಲು ಇಟ್ಟುಕೊಂಡಿದ್ದಾರೆ. ಅವರಲ್ಲಿ ಇರುವುದು ಸೈನ್ಯಕ್ಕೆ ಸೇರುವಾಗ ತೆಗೆಸಿದ ಒಂದು ಚಿಕ್ಕ ಫೋಟೊ. ಅದರಲ್ಲಿ ಅವನು ಉಸಿರು ಬಿಗಿಹಿಡಿದು ಗುರುತೇ ಸಿಗದ ಹಾಗೆ ನಿಂತಿದ್ದಾನಂತೆ.

‘ಆ ಅಕ್ಕ ಕೇಳಿ ಕೇಳಿ ಸುಸ್ತಾದ್ರು. ಇದೊಂದಾದ್ರೂ ನನ್ನತ್ರ ಇರ್ಲಿ ಅಂತ ಇಷ್ಟು ವರ್ಷ ಕೊಡ್ಲಿಲ್ಲ. ಈಗ ನಾನು ಇಟ್ಕೊಂಡು ಎಂತ ಮಾಡ್ಲಿ, ನೋಡಕ್ಕಾಗಲ್ಲ. ಅವ್ರಿಗೆ ಕೊಡ್ತೀನಿ ಅಂತ ಹೇಳಿ ಕಳ್ಸಿದೀನಿ. ಕರೆ ಗಿರೆ ಬಿದ್ದಿದ್ರೆ ನೀನು ಸ್ವಲ್ಪ ನೋಡು. ನಮ್ಮೂರ ಮಳೆಗಾಲ ಗೊತ್ತಲ್ಲ.’

ಗೊತ್ತಿತ್ತು. ಈ ಕಡೆ ಯಾವ ಮನೆಯಲ್ಲೂ ಕಾಗದ ಬಿಳಿಯಾಗಿ ಉಳಿಯುವುದಿಲ್ಲ. ಪಹಣಿ, ಮದುವೆಯ ಫೋಟೊ, ಅಂಕಪಟ್ಟಿ, ಎಲ್ಲಕ್ಕೂ ಮಳೆ ಕಳೆದ ಮೇಲೆ ಕಂದು ಮಚ್ಚೆ ಬೀಳುತ್ತದೆ. ಕಂದು ಮಚ್ಚೆ ಕಂಡರೆ ಅದು ತೇವದ್ದು ಎಂದು ಯೋಚನೆಯಿಲ್ಲದೆ ಹೇಳುವುದು ನಮಗೆಲ್ಲ ಅಭ್ಯಾಸ. ಆ ಹಾಳೆಯ ಅಂಚುಗಳಲ್ಲಿ ನಿಜವಾಗಿಯೂ ತೇವದ ಗುರುತುಗಳಿದ್ದವು. ಒಬ್ಬ ಮನುಷ್ಯ ಸ್ಟೌವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಾತ್ರೆಯೊಳಗೆ ಹಿಮದ ಗಡ್ಡೆ ಹಾಕುತ್ತಿದ್ದಾನೆ. ಕೈ, ಪಾತ್ರೆ, ಕೋಟು, ಗುಂಡಿ, ಕಿವಿ ಮುಚ್ಚುವ ಟೋಪಿ, ಎಲ್ಲ ಪೆನ್ಸಿಲ್ಲಿನಲ್ಲಿ ಚೊಕ್ಕವಾಗಿವೆ. ಟೋಪಿಯ ಕೆಳಗೆ ಪೆನ್ಸಿಲ್ಲಿನ ಗೆರೆ ಒಂದೂ ಇಲ್ಲ. ಅಲ್ಲಿ ಹೆಬ್ಬೆರಳಿನಷ್ಟು ಅಗಲದ ಕಂದು, ಕೆಲವು ಕಡೆ ದಟ್ಟ, ಕೆಲವು ಕಡೆ ತೆಳು.

ಮುಖ ಬಿಟ್ಟಿದ್ದಾರೆ, ಎಂದುಕೊಂಡೆ. ನನ್ನ ನಾಲ್ಕನೆಯ ಅಧ್ಯಾಯ ನಮ್ಮೂರಿನಲ್ಲೇ ಸಿಕ್ಕಿತು ಎಂದು ಸಂತೋಷವೂ ಆಯಿತು.

ಮುಖವಿಲ್ಲದ ಚಿತ್ರವನ್ನು ಯಾರಾದರೂ ಸತ್ತವನ ಅಕ್ಕನಿಗೆ ಕೊಡುತ್ತಾರೆಯೇ? ಇಷ್ಟು ಸಣ್ಣ ಪ್ರಶ್ನೆ. ಬೇಲಿ ದಾಟಿ ಹತ್ತು ನಿಮಿಷ ನಡೆದರೆ ಅವರ ಕ್ವಾರ್ಟರ್ಸು. ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದರು. ನಾನು ಯಾರನ್ನೂ ಸುಲಭವಾಗಿ ಏನನ್ನೂ ಕೇಳುವವಳಲ್ಲ. ಕೇಳದೆಯೇ ತಿಳಿದುಕೊಳ್ಳುವುದು ನನ್ನ ಗುಣ ಎಂದು ನಂಬಿಕೊಂಡಿದ್ದೆ. ಓದು ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತ್ತು.

ನೋಟ್‌ಬುಕ್ಕಿನ ಹಾಳೆಗಳನ್ನು ಹೊಲಿಗೆ ಬಿಚ್ಚದೆ ತೊಳೆಯುವಂತಿಲ್ಲ. ಬಿಡಿ ಹಾಳೆಯನ್ನು ತೊಳೆಯಬಹುದು. ಪೆನ್ಸಿಲ್ಲು ನೀರಿಗೆ ಕದಲುವುದಿಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಮೊದಲ ನಿಯಮ, ಮುಟ್ಟುವ ಮೊದಲು ಫೋಟೊ ತೆಗೆ ಎಂಬುದು. ನೋಟ್‌ಬುಕ್ಕಿನ ಮೂವತ್ತೊಂದು ಹಾಳೆಗಳಿಗೂ ಹಾಗೇ ಮಾಡಿದ್ದೆ. ಇದನ್ನು ಮಾತ್ರ ಮಚ್ಚೆ ಹೋದ ಮೇಲೆ ತೆಗೆದರೆ ಸ್ಪಷ್ಟವಾಗಿ ಬರುತ್ತದೆ ಎಂದು ಮುಂದಕ್ಕೆ ಹಾಕಿದೆ. ಆ ನಿರ್ಧಾರಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಸ್ಟೀಲಿನ ಅಗಲದ ಟ್ರೇಯಲ್ಲಿ ಸುಣ್ಣದ ತಿಳಿನೀರು ತುಂಬಿ, ಹಾಳೆಯನ್ನು ಬಲೆಬಟ್ಟೆಯ ಮೇಲಿಟ್ಟು ನಿಧಾನವಾಗಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ನೀರಿಗೆ ತೆಳು ಹೊಂಬಣ್ಣ ಬಂತು. ಕೊಳೆ ಬಿಡುತ್ತಿದೆ ಎಂದು ನೀರು ಚೆಲ್ಲಿ ಹೊಸ ನೀರು ಹಾಕಿದೆ. ಮತ್ತೆ ಬಣ್ಣ ಬಂತು. ಮೂರು ಸಲ ಬದಲಾಯಿಸಿದೆ. ಉಳಿದದ್ದು ಬಿಸಿಲಿಗೆ ಹೋಗುತ್ತದೆ. ನೀರಿನೊಳಗೇ ಹಾಳೆಯನ್ನು ಬಿಸಿಲಿಗೆ ಇಡುವ ಕ್ರಮ ಇದೆ. ನಮ್ಮ ಕಣದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿತ್ತು. ಸಿಪ್ಪೆ ತೆಗೆದು ತೊಳೆದ ಕಾಫಿಬೀಜಕ್ಕೆ ಇಲ್ಲಿ ಹಾಗೆನ್ನುವುದು. ಅದರ ಪಕ್ಕದಲ್ಲಿ, ನೆರಳು ಬೀಳದ ಜಾಗ ನೋಡಿ ಟ್ರೇ ಇಟ್ಟೆ.

ಅಮ್ಮ ಗೋರುಮಣೆಯಲ್ಲಿ ಬೀಜ ಎಳೆಯುತ್ತ ಬಂದು ಬಗ್ಗಿ ನೋಡಿದಳು. ‘ಎಂತ ಇದು, ಹಪ್ಪಳನಾ?’

‘ರೈಟ್ರು ಮಾಮಂದು. ಚಿತ್ರ.’

‘ನೀರಲ್ಲಿ ಹಾಕಿದ್ದೀಯಲ್ಲೇ. ಅವ್ರಿಗೆ ಕೇಳಿದ್ದೀಯಾ?’

‘ಇದಕ್ಕೊಂದು ವಿಧಾನ ಇರುತ್ತಮ್ಮ.’

‘ಇರ್ಲಿ ಮಾರಾಯ್ತಿ. ನಮ್ಗೆ ಕಾಫಿ ತೊಳೆಯೋ ವಿಧಾನ ಒಂದೇ ಗೊತ್ತಿರೋದು,’ ಎಂದು ಅವಳು ಬೀಜ ಎಳೆಯುತ್ತ ಕಣದ ಆ ತುದಿಗೆ ಹೋದಳು.

ಎರಡು ದಿನದ ಜನವರಿ ಬಿಸಿಲಿಗೆ ಹಾಳೆ ಬೆಳ್ಳಗಾಯಿತು. ಎರಡು ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ನಿಘಂಟು ಹೇರಿ ಒಣಗಿಸಿದೆ. ಟೋಪಿಯ ಕೆಳಗೆ ಈಗ ಶುದ್ಧ ಬಿಳಿ. ಫೋಟೊ ತೆಗೆದೆ. ನನ್ನ ಕೆಲಸಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಬೇರೆ ಇಲ್ಲ ಅನ್ನಿಸಿತು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿಕೊಂಡು ಬಂದು, ಹಾಳೆಯನ್ನು ಹೊಸ ರಟ್ಟಿನ ನಡುವೆ ಇಟ್ಟುಕೊಂಡು ಅವರಲ್ಲಿಗೆ ಹೋದೆ. ಅವರು ಎರಡು ಕೈಯಲ್ಲೂ ಹಾಳೆ ಹಿಡಿದು, ಅದನ್ನು ಮುಖದ ಒಂದು ಪಕ್ಕಕ್ಕೆ ತಂದು, ಕಣ್ಣಿನ ಅಂಚಿನಿಂದ ನೋಡಿದರು.

‘ಬೆಳ್ಳಗಾಗಿದೆ ಅಲ್ವಾ? ಅಷ್ಟು ಗೊತ್ತಾಗುತ್ತೆ.’

‘ಹೌದು ಮಾಮ. ತೇವದ ಗುರುತೆಲ್ಲ ಹೋಗಿದೆ.’

‘ಒಳ್ಳೇ ಕೆಲ್ಸ ಮಾಡ್ದೆ.’ ಬೆರಳಿನಿಂದ ಹಾಳೆಯ ಅಂಚು ಸವರಿದರು. ‘ಇದಕ್ಕೆ ಯಾಕೆ ಮುದ್ರೆ ಬೀಳ್ಲಿಲ್ಲ ಗೊತ್ತಾ? ಕಥೆ ಹೇಳಿರ್ಲಿಲ್ಲ ನಿಂಗೆ.’

ನಾನು ಎದುರಿನ ಸ್ಟೂಲಿನಲ್ಲಿ ಕೂತೆ.

‘ಅವತ್ತು ಕೈ ಸೆಟೆದುಕೊಂಡಿತ್ತು. ಕೋಟು ಗೀಟು ಎಲ್ಲ ಬರ್ದಾಗಿತ್ತು, ಮುಖಕ್ಕೆ ಬರೋ ಹೊತ್ತಿಗೆ ಪೆನ್ಸಿಲ್ ಮುರೀತು. ಇನ್ನೊಂದಿಲ್ಲ. ಇವನು, ಥೂ ಬೋಳೀಮಗನೆ, ಎಲ್ಲ ಬರ್ದು ನನ್ನ ಮುಖ ಬಿಟ್ಟೆಯಾ, ನಮ್ಮಕ್ಕ ನೋಡಿದ್ರೆ ಇದ್ಯಾವ ಗದ್ದೆ ಬೆರ್ಚಪ್ಪ ಅಂತಾಳೆ ಅಂದ. ಅವನ ಪಾತ್ರೇಲಿ ಟೀ ಕುದೀತಿತ್ತು. ಡಿಕಾಕ್ಷನ್ ಥರ ಕಪ್ಪಗೆ. ಬೋರ್ಡ್ ಬರೆಯೋ ಸಣ್ಣ ಬ್ರಷ್ಷಿತ್ತಲ್ಲ ಜೇಬಲ್ಲಿ, ಅದನ್ನ ಟೀಲಿ ಅದ್ದಿ ಮುಖ ಮಾಡ್ದೆ. ಕಣ್ಣು, ಮೂಗು, ಆ ಬೆಕ್ಕಿನ ಮೀಸೆ, ಎಲ್ಲ ಟೀನೇ. ನನ್ನ ಜನ್ಮದಲ್ಲಿ ಅಂಥ ಮುಖ ಮತ್ತೆ ಬರೀಲಿಲ್ಲ. ಬಾಯಿ ತೆಗೆದ್ರೆ ಬೈಗುಳ ಬರ್ಬೇಕು, ಹಂಗಿತ್ತು.’

ಅವರು ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

‘ಸಾಹೇಬ್ರು ನೋಡಿ ಬಹಳ ನಕ್ಕರು. ಚೆನ್ನಾಗಿದೆ, ಆದ್ರೆ ಮುದ್ರೆ ಹೊಡಿಯಲ್ಲ ಅಂದ್ರು. ನೀರು ಬಿದ್ರೆ ಹೋಗುತ್ತೆ, ಹೋಗೋ ಅಂಥದ್ದು ರೆಕಾರ್ಡಿಗೆ ಬರಲ್ಲ ಅಂದ್ರು. ಅದ್ಕೇ ಇದು ನನ್ನತ್ರ ಉಳೀತು. ಅದಾಗಿ ಒಂಬತ್ತು ದಿನಕ್ಕೆ ಅವನು ಹೋದ.’

ಅವರ ತೊಡೆಯ ಮೇಲೆ ಹಾಳೆ ನನ್ನ ಕಡೆಗೆ ತಿರುಗಿತ್ತು. ಟೋಪಿ, ಕೆಳಗೆ ಬಿಳಿ, ಅದರ ಕೆಳಗೆ ಕಾಲರು.

ನಾನು ಆಗ ಹೇಳಬೇಕಿತ್ತು. ಬಾಯಲ್ಲಿ ಮಾತಿರಲಿಲ್ಲ ಎಂದರೆ ಸುಳ್ಳು, ಮಾತು ಇತ್ತು. ಮಾಮ, ನಾನು ತೊಳೆದುಬಿಟ್ಟೆ. ಮೂರೇ ಪದ. ಅವರು ಅಂಚಿನ ಕಣ್ಣಿನಿಂದ ನನ್ನ ಕಿವಿಯನ್ನು ನೋಡುತ್ತ, ಏನಾದರೂ ಹೇಳುತ್ತಾಳೆ ಎಂದು ಕಾಯುತ್ತಿದ್ದರು. ಅವರಿಗೆ ಕಾಣುವುದಿಲ್ಲ ಎಂಬುದು ಅದೇ ಕ್ಷಣದಲ್ಲಿ ನನಗೆ ಹೊಳೆಯಿತು. ಹೊಳೆದ ಮೇಲೆ ಮಾತು ಹಿಂದೆ ಸರಿಯಿತು. ತೊಳೆದದ್ದು ತಿಳಿಯದೆ ಮಾಡಿದ್ದು. ಇದು ತಿಳಿದೇ ಮಾಡಿದ್ದು.

‘ನಾಳೆ ಭಾನುವಾರ,’ ಎಂದರು. ‘ಹಾಜರಿ ಹಾಕಿ, ಹತ್ತು ಗಂಟೆ ಜೀಪಿಗೆ ಕೊಟ್ಟಿಗೆಹಾರಕ್ಕೆ ಹೋಗಿ ಕೊಟ್ಟು ಬರ್ತೀನಿ. ಅಕ್ಕ ಕಾಯ್ತಾ ಇರ್ತಾರೆ. ನೀನೂ ಬರ್ತೀಯಾ?’

‘ನೋಡ್ತೀನಿ ಮಾಮ,’ ಎಂದೆ.

ಮನೆಗೆ ಬಂದು ಟ್ರೇಯನ್ನು ಉಜ್ಜಿ ತೊಳೆದೆ, ಅದು ತೊಳೆದೇ ಇದ್ದರೂ. ಪಾತ್ರೆ ತೊಳೆದ ನೀರಿನ ಹಾಗೆ ಚೆಲ್ಲಿದ ಆ ಮೂರು ಟ್ರೇ ನೀರು ಕಣದ ಪಕ್ಕದ ಬಾಳೆಬುಡಕ್ಕೆ ಹೋಗಿತ್ತು. ಊಟಕ್ಕೆ ಕೂತಾಗ ಅಮ್ಮ, ‘ಚಿತ್ರ ಸರಿಯಾಯ್ತಾ?’ ಎಂದು ಕೇಳಿದಳು. ಹೂಂ ಎಂದೆ. ಒಂದೇ ದಿನದಲ್ಲಿ ಎರಡನೆಯ ಸಲ ಮುಚ್ಚಿಟ್ಟೆ.

ಅಕ್ಕ ಆ ಹಾಳೆಯನ್ನು ಕೈಗೆ ತೆಗೆದುಕೊಳ್ಳುವುದನ್ನು ಊಹಿಸಿಕೊಂಡೆ. ಅವರಿಗೆ ಕಣ್ಣು ಕಾಣುತ್ತದೆ. ಇದರಲ್ಲಿ ಮುಖವೇ ಇಲ್ಲವಲ್ಲ ಎಂದು ಅವರು ಕೇಳುತ್ತಾರೆ. ಮಾಮ ನಗುತ್ತ, ಇದೆ ನೋಡಿ, ಸರಿಯಾಗಿ ನೋಡಿ, ಎನ್ನುತ್ತಾರೆ. ಕಾಣದ ಮನುಷ್ಯ ಕಾಣುವವರಿಗೆ ಬೆರಳಿಟ್ಟು ತೋರಿಸುತ್ತಾರೆ. ಹೋಟೆಲಿನ ಗಿರಾಕಿಗಳೂ ಎದ್ದು ಬಂದು ನೋಡುತ್ತಾರೆ. ಅಷ್ಟರವರೆಗೆ ಮಾತ್ರ ನನಗೆ ಊಹಿಸಲು ಸಾಧ್ಯವಾಯಿತು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಬೇಲಿ ದಾಟಿ ಎಸ್ಟೇಟಿನ ಹಾಜರಿ ಅಂಗಳಕ್ಕೆ ಹೋದೆ. ಕೊಯ್ಲು ಇನ್ನೂ ಮುಗಿಯದ್ದರಿಂದ ಭಾನುವಾರವೂ ಕೆಲಸ ಇತ್ತು. ಹೆಂಗಸರು ಸೊಂಟಕ್ಕೆ ಗೋಣಿತಾಟು ಕಟ್ಟಿಕೊಂಡು, ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ಮಾಮ ಮೆಟ್ಟಿಲ ಮೇಲೆ ನಿಂತು ಹೆಸರು ಕೂಗುತ್ತಿದ್ದರು. ಬೇರೆ ಜಾಗವಿಲ್ಲದೆ ಸಾಲಿನ ಕೊನೆಯಲ್ಲಿ ನಿಂತೆ.

‘ಎಂತ ಮೇಡಂ, ಕಾಲೇಜು ಬಿಟ್ರಾ? ನಮ್ ಜೊತೆ ಹಣ್ಣು ಕುಯ್ಯಕ್ಕೆ ಬಂದ್ರಾ?’ ಎಂದಳು ಮುಂದಿದ್ದವಳು.

‘ಅವ್ರ ಕೈ ನೋಡೇ, ಮಧ್ಯಾಹ್ನಕ್ಕೆ ಒಂದು ಬುಟ್ಟಿ ಆದ್ರೆ ಹೆಚ್ಚು,’ ಎಂದಳು ಇನ್ನೊಬ್ಬಳು. ಸಾಲು ನಕ್ಕಿತು. ನಾನೂ ನಗಲು ನೋಡಿದೆ.

ಅವರೆಲ್ಲ ಪಟ್ಟೆಗಳ ಕಡೆ ಹೊರಟ ಮೇಲೆ, ಮೇಸ್ತ್ರಿ ಪುಸ್ತಕ ಮುಚ್ಚಿ ಒಳಗೆ ಹೋದ ಮೇಲೆ, ಮೆಟ್ಟಿಲ ಬಳಿ ಹೋಗಿ ಹೇಳಿದೆ. ನಿಂತೇ ಹೇಳಿದೆ. ಕಂದು ಬಣ್ಣವನ್ನು ತೇವದ್ದು ಎಂದುಕೊಂಡದ್ದು, ಮುಖ ಬಿಟ್ಟಿದ್ದಾರೆ ಎಂದುಕೊಂಡದ್ದು, ಸುಣ್ಣದ ನೀರು, ಎರಡು ದಿನದ ಬಿಸಿಲು. ನಿನ್ನೆ ಅವರು ಕಥೆ ಹೇಳುವಾಗ ಗೊತ್ತಾದದ್ದು, ಗೊತ್ತಾಗಿಯೂ ಸುಮ್ಮನಿದ್ದದ್ದು.

ಅವರು ಮೆಟ್ಟಿಲಿನ ಮೇಲೆ ಕೂತರು.

‘ಪೂರ್ತಿ ಹೋಗಿದ್ಯಾ?’

‘ಪೂರ್ತಿ ಹೋಗಿದೆ ಮಾಮ.’

‘ಮೀಸೆ?’

‘ಅದೂ ಹೋಗಿದೆ.’

ಕೆಳಗಿನ ಪಟ್ಟೆಯಿಂದ ಹೆಂಗಸರ ಮಾತು ಕೇಳುತ್ತಿತ್ತು. ಬೈಯುತ್ತಾರೆ ಎಂದು ಕಾದೆ. ಅದು ಸುಲಭವಾಗುತ್ತಿತ್ತು.

‘ರಾತ್ರಿ ಅದನ್ನ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ದೆ,’ ಎಂದರು ಕೊನೆಗೆ. ‘ಇವತ್ತು ಕೊಟ್ಬಿಡ್ತೀನಲ್ಲ, ಇದೊಂದು ದಿನ ಅಂತ.’ ಎದ್ದು ನಿಂತು, ಒಳಗಿನಿಂದ ರಟ್ಟು ತಂದು ನನ್ನ ಕೈಗೆ ಕೊಟ್ಟರು. ‘ನಾನು ಬರಲ್ಲ. ನೀನೇ ಹೋಗಿ ಹೇಳು.’

ಜೀಪಿಗೆ ಕಾಯದೆ ಎಂಟೂವರೆಯ ಬಸ್ಸಿನಲ್ಲಿ ಹೋದೆ. ಕೊಟ್ಟಿಗೆಹಾರದಲ್ಲಿ ಇಳಿದಾಗ ಘಾಟಿ ಇಳಿಯುವ ಕಾರುಗಳು ತಿಂಡಿಗೆ ನಿಂತಿದ್ದವು. ಅಕ್ಕನ ಹೋಟೆಲು ತುಂಬಿತ್ತು. ಜನ ಕಡಿಮೆಯಾಗುವವರೆಗೂ ಹೊರಗಿನ ಬೆಂಚಿನಲ್ಲಿ ಕೂತೆ. ಅವರು ಎರಡು ಸಲ ಬಂದು, ‘ಎಂತ ಬೇಕು ತಾಯಿ, ನೀರುದೋಸೆ ಇದೆ,’ ಎಂದರು. ಎರಡನೆಯ ಸಲ ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಅವರು ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಕೂತರು.

ಮೊದಲಿನಿಂದ ಹೇಳಿದೆ. ಟೀಯಲ್ಲಿ ಮುಖ ಬರೆದ ಕಥೆಯನ್ನೂ, ಅವನು ಬೈದದ್ದನ್ನೂ ಹೇಳಿದೆ. ಬೆರ್ಚಪ್ಪ ಎಂಬಲ್ಲಿ ಅವರು ಸ್ವಲ್ಪ ನಕ್ಕರು. ಆಮೇಲೆ ತೊಳೆದದ್ದನ್ನು ಹೇಳಿ, ರಟ್ಟು ಬಿಚ್ಚಿ ಹಾಳೆ ತೋರಿಸಿದೆ. ಅವರು ನೋಡಿದರು.

‘ನೀನು ತೊಳೆಯೋ ಮೊದ್ಲು ನೋಡಿದ್ದೆ ಅಲ್ವಾ?’ ಎಂದು ಕೇಳಿದರು. ಸಿಟ್ಟಿನಿಂದಲ್ಲ. ‘ಹೆಂಗಿದ್ದ ಅದ್ರಲ್ಲಿ? ಸೊರಗಿದ್ನಾ?’

ಗುಂಡಿಯ ತೂತು ಎಷ್ಟು ಎಂದು ಕೇಳಿದ್ದರೆ ಹೇಳುತ್ತಿದ್ದೆ. ಮುಖ ಹೇಗಿತ್ತು ಎಂದು ನನಗೆ ಗೊತ್ತಿರಲಿಲ್ಲ. ಹೆಬ್ಬೆರಳಗಲದ ಕಂದು, ಕೆಲವು ಕಡೆ ದಟ್ಟ, ಕೆಲವು ಕಡೆ ತೆಳು. ಅದರಲ್ಲಿ ಒಂದು ಕಣ್ಣನ್ನೂ ನಾನು ಕಂಡಿರಲಿಲ್ಲ.

‘ನಾನು ಸರಿಯಾಗಿ ನೋಡ್ಲಿಲ್ಲ ಅಕ್ಕ,’ ಎಂದೆ.

ಅವರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಒಂದು ಕಾರು ಬಂದು ನಿಂತಿತು, ನಾಲ್ಕು ಜನ ಇಳಿದರು, ಒಳಗಿನಿಂದ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ಬಂತು. ಹಿಂದಿರುಗುವ ಬಸ್ಸು ಹತ್ತೂಮುಕ್ಕಾಲಿಗೆ ಬಂದು ಹಾರ್ನ್ ಹೊಡೆಯಿತು. ಅವರಿಗೆ ಇನ್ನೇನಾದರೂ ಕೇಳುವುದು ಇರಬಹುದು ಎಂದು ನಾನು ಆ ಬಸ್ಸು ಹತ್ತದೆ ಬೆಂಚಿನಲ್ಲೇ ಕೂತೆ.